ವಾಂಡಲ್ ನದಿಯ ಟ್ರೌಟ್

ಲಂಡನ್ನಿನ ನದಿ ಎಂದೊಡನೆ ನಮಗೆ ನೆನಪಾಗುವುದು ಥೇಮ್ಸ್. ಇಂಗ್ಲಿಷ್ ಕಾವ್ಯವನ್ನು ಅಷ್ಟಿಷ್ಟು ಓದಿದವರಿಗೆ ಆ ಹೆಸರು ಕಾವೇರಿ, ತುಂಗೆಯರಷ್ಟೇ ಪರಿಚಿತ. ಆದರೆ ಅದೇ ಮಹಾನಗರದ ದಕ್ಷಿಣ ಭಾಗದಲ್ಲಿ, ಮನೆಗಳ ಹಿತ್ತಿಲು, ಕಾರ್ಖಾನೆಗಳ ಗೋಡೆ, ರೈಲು ಕಂಬಿ ಇವುಗಳ ನಡುವೆ ನುಸುಳಿಕೊಂಡು ಹರಿಯುವ ಇನ್ನೊಂದು ಪುಟ್ಟ ನದಿಯಿದೆ. ಅದರ ಹೆಸರು ವಾಂಡಲ್. ಕ್ರಾಯ್ಡನ್ ಮತ್ತು ಕಾರ್ಷಾಲ್ಟನ್ ಎಂಬ ಊರುಗಳ ಬಳಿ ಹುಟ್ಟಿ ವಾಂಡ್ಸ್‌ವರ್ತ್‌ನಲ್ಲಿ ಥೇಮ್ಸನ್ನು ಸೇರುವವರೆಗೆ ಅದರ ಉದ್ದ ಸುಮಾರು 9 ಮೈಲಿ. ನಮ್ಮ ಮಲೆನಾಡಿನಲ್ಲಾಗಿದ್ದರೆ ಹಳ್ಳವೆಂದು ಕರೆದು ಸುಮ್ಮನಾಗುತ್ತಿದ್ದೆವು. ಈ ಹಳ್ಳದ ಒಂದು ಮೀನು ಮತ್ತು ಅದನ್ನು ಹಿಡಿಯುವ ವಿಚಿತ್ರವಾದ ಒಂದು ಕಲೆ, ಇವುಗಳ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಗಾಳ ಹಿಡಿದವನಲ್ಲ. ನನಗೆ ಈ ನದಿಯ ಪರಿಚಯವಾದದ್ದು ಪುಸ್ತಕಗಳ ಮೂಲಕ. ಅಲೆಕ್ಸಾಂಡರ್ ಪೋಪ್ 1713ರ ತನ್ನ ಕಾವ್ಯವೊಂದರಲ್ಲಿ ಇದರ ಹೆಸರನ್ನು ಎತ್ತಿದ್ದಾನೆ. ರಸ್ಕಿನ್ ಇದಕ್ಕಾಗಿ ಕೋಪದಿಂದ ಬರೆದಿದ್ದಾನೆ. ವಿಲಿಯಂ ಮಾರಿಸ್ ಇದರ ನೀರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟಿದ್ದಾನೆ. ಇಷ್ಟು ಚಿಕ್ಕ ನದಿಯ ಸುತ್ತ ಇಷ್ಟೊಂದು ಜನ ಏಕೆ ನೆರೆದರು ಎಂಬ ಕುತೂಹಲವೇ ನನ್ನನ್ನು ಅದರ ಮೀನಿನವರೆಗೆ ಕರೆದೊಯ್ದಿತು.

ಉತ್ತರ ನೀರಿನಲ್ಲಿದೆ. ದಕ್ಷಿಣ ಇಂಗ್ಲೆಂಡಿನ ಅನೇಕ ಗುಡ್ಡಗಳ ಒಡಲೆಲ್ಲ ಮೆತ್ತನೆಯ ಬಿಳಿಯ ಸುಣ್ಣಕಲ್ಲು. ಅವುಗಳ ಮೇಲೆ ಬಿದ್ದ ಮಳೆ ಕೂಡಲೇ ಹರಿದುಹೋಗದೆ ಕಲ್ಲಿನೊಳಗೆ ಇಂಗಿ, ತಿಂಗಳುಗಟ್ಟಲೆ ಸೋಸಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಬೇಸಿಗೆ, ಚಳಿಗಾಲ ಎನ್ನದೆ ಆ ಒರತೆಯ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಇರುತ್ತದೆ. ಗಾಜಿನಂಥ ತಿಳಿ, ತಳದ ಬೆಣಚುಕಲ್ಲುಗಳನ್ನು ದಡದಿಂದಲೇ ಎಣಿಸಬಹುದು. ಇಂಥ ನದಿಗಳು ಪ್ರಪಂಚದಲ್ಲಿ ಬಹಳ ಇಲ್ಲ, ಇರುವವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಇವೆ.

ಟ್ರೌಟ್ ಎಂಬ ಮೀನಿಗೆ ಬೇಕಾದದ್ದು ಇಂಥ ನೀರೇ. ಕಂದು ಮೈಯ ಮೇಲೆ ಕಪ್ಪು, ಕೆಂಪು ಚುಕ್ಕೆಗಳಿರುವ ಈ ಮೀನು ತಣ್ಣನೆಯ, ಪ್ರಾಣವಾಯು ತುಂಬಿದ ಹರಿವಿಲ್ಲದೆ ಬದುಕದು. ಕೆಸರಿಲ್ಲದ ಜಲ್ಲಿಯ ಹಾಸಿಲ್ಲದೆ ಅದರ ಮೊಟ್ಟೆ ಮರಿಯಾಗದು. ಹೊಳೆಯ ತಳದಲ್ಲಿ ಬೆಳೆದು, ನೀರಿನ ಮೇಲಕ್ಕೆ ಬಂದು ರೆಕ್ಕೆ ಬಿಚ್ಚುವ ಸಣ್ಣ ಸಣ್ಣ ಹುಳುಗಳು ಅದರ ಮುಖ್ಯ ಆಹಾರಗಳಲ್ಲೊಂದು. ಆ ಹುಳುವಿನ ರೂಪವನ್ನು ಹಕ್ಕಿಯ ಗರಿ, ಪ್ರಾಣಿಯ ತುಪ್ಪಳ, ರೇಷ್ಮೆಯ ಎಳೆ ಇವುಗಳಿಂದ ಪುಟ್ಟ ಕೊಕ್ಕೆಯೊಂದರ ಮೇಲೆ ಕಟ್ಟಿ, ಅದನ್ನು ಮೀನಿನ ಮುಂದೆ ಇಳಿಸಿ ಮೋಸಗೊಳಿಸುವುದೇ ಫ್ಲೈ ಫಿಷಿಂಗ್. ನೊಣಗಾಳ ಎಂದು ನಾವು ಕರೆದುಕೊಳ್ಳೋಣ. ಎರೆಹುಳು ಚುಚ್ಚಿದ ಗಾಳವನ್ನು ಕೆರೆಗೆ ಬಿಟ್ಟು ಏರಿಯ ಮೇಲೆ ಬೀಡಿ ಸೇದುತ್ತ ಕುಳಿತಿರುವ ನಮ್ಮ ಹಳ್ಳಿಯವನ ತಾಳ್ಮೆ ಒಂದು ಬಗೆಯಾದರೆ, ಇದರ ತಾಳ್ಮೆ ಇನ್ನೊಂದು ಬಗೆ. ಗರಿಯ ನೊಣಕ್ಕೆ ತೂಕವೇ ಇಲ್ಲವಾದ್ದರಿಂದ ದಾರದ ತೂಕದಿಂದಲೇ ಅದನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬೀಸಿ, ಸದ್ದಿಲ್ಲದೆ ನೀರಿನ ಮೇಲೆ ಇಡಬೇಕು. ನೆರಳು ಬಿದ್ದರೂ ಮೀನು ಮಾಯ.

ಮೀನಿಗೆ ಬೇಕಾದ ಈ ತಿಳಿನೀರೇ ಗಿರಣಿಗಾರರಿಗೂ ಬೇಕಾಗಿತ್ತು. ಲಂಡನ್ನಿಗೆ ಸಮೀಪ, ಇಳಿಜಾರು ಸಾಕಷ್ಟು, ಬರಗಾಲದಲ್ಲೂ ಬತ್ತದ ಹರಿವು. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ವಾಂಡಲಿನ ಉದ್ದಕ್ಕೂ ಹಿಟ್ಟು, ನಸ್ಯ, ಎಣ್ಣೆ, ಕಾಗದ, ತಾಮ್ರದ ತಗಡು, ಕೋವಿಮದ್ದು ಎಲ್ಲವನ್ನೂ ಮಾಡುವ ಗಿರಣಿಗಳು ಸಾಲುಗಟ್ಟಿದವು. ತನ್ನ ಗಾತ್ರಕ್ಕೆ ಇಷ್ಟು ದುಡಿದ ನದಿ ಇನ್ನೊಂದಿಲ್ಲವೆಂಬ ಮಾತೇ ಹುಟ್ಟಿತು. 1803ರಲ್ಲಿ ಈ ಕಣಿವೆಯಲ್ಲಿ ಕುದುರೆಗಳೆಳೆಯುವ ಸಾರ್ವಜನಿಕ ರೈಲುದಾರಿಯೊಂದು ತೆರೆಯಿತು. ಆದರೆ ನಮ್ಮ ಕುತೂಹಲವನ್ನು ಹೆಚ್ಚು ಕೆರಳಿಸಬೇಕಾದದ್ದು ಅಲ್ಲಿಯ ಬಟ್ಟೆಯ ಕಸುಬು. ನಮ್ಮ ದೇಶದಿಂದ ಹೋಗುತ್ತಿದ್ದ ಹೂವಿನ ಅಚ್ಚಿನ ಚೀಟಿ ಬಟ್ಟೆಗೆ ಇಂಗ್ಲೆಂಡಿನ ಹೆಂಗಸರು ಮರುಳಾದಾಗ ಅಲ್ಲಿಯ ಉಣ್ಣೆ ಮತ್ತು ರೇಷ್ಮೆ ನೇಯುವವರು ದಂಗೆಯೆದ್ದರು. ಪಾರ್ಲಿಮೆಂಟು 1700ರಲ್ಲಿ ಅದರ ಆಮದನ್ನೂ, 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನೇ ಬಹುಮಟ್ಟಿಗೂ ನಿಷೇಧಿಸಿತು. ಆದರೂ ಮೋಹ ಹೋಗಲಿಲ್ಲ. ವಾಂಡಲಿನ ದಡದ ಹುಲ್ಲುಗಾವಲುಗಳಲ್ಲಿ ಬಟ್ಟೆಯನ್ನು ಬಿಳುಪು ಮಾಡುವ, ಅಚ್ಚು ಹಾಕುವ ಕಸುಬು ಬೇರೂರಿದ್ದು ಈ ಮೋಹವನ್ನು ನಂಬಿಯೇ. ಕಲ್ಲಿಕೋಟೆಯ ಹೆಸರನ್ನೇ ಹೊತ್ತ ಕ್ಯಾಲಿಕೊ ಬಟ್ಟೆ ಆ ನೀರಿನಲ್ಲಿ ತೊಳೆಯಲ್ಪಟ್ಟಿತು. ಮುಂದೆ 1881ರಲ್ಲಿ ಮಾರಿಸ್ ತನ್ನ ಕಾರ್ಯಾಗಾರವನ್ನು ಮರ್ಟನ್ ಅಬ್ಬಿಗೆ ಸಾಗಿಸಿದ್ದು ಕೂಡ ಮಂಜಿಷ್ಠದ ಕೆಂಪು, ನೀಲಿಯ ನೀಲಿ ಹಿಡಿಯುವುದಕ್ಕೆ ಈ ನೀರು ಒಗ್ಗುತ್ತದೆಂದು. 1884ರ ತನ್ನ ಅಚ್ಚಿನ ವಿನ್ಯಾಸವೊಂದಕ್ಕೆ ಅವನು ಈ ನದಿಯ ಹೆಸರನ್ನೇ ಇಟ್ಟ.

ಗಿರಣಿಗಳು ತಿರುಗುತ್ತಿದ್ದಾಗಲೂ ಬಹುಕಾಲ ಟ್ರೌಟ್ ಇದ್ದಿತೆಂಬುದು ಆಶ್ಚರ್ಯವಾದರೂ ನಿಜ. ನೀರಿನ ಚಕ್ರ ನದಿಯನ್ನು ತಡೆಯುತ್ತದೆ, ಕೊಲ್ಲುವುದಿಲ್ಲ. 1801ರಲ್ಲಿ ಮರ್ಟನ್ನಿನಲ್ಲಿ ಮನೆ ಕೊಂಡ ನೌಕಾಸೇನಾಪತಿ ನೆಲ್ಸನ್ ಇಲ್ಲಿ ಗಾಳ ಹಾಕುತ್ತಿದ್ದ. ನಾಲ್ಕು ವರ್ಷ ಹಿಂದೆ ಟೆನೆರಿಫ್‌ನ ಕಾಳಗದಲ್ಲಿ ಬಲಗೈ ಕಳೆದುಕೊಂಡವನು. ಎಡಗೈಯಿಂದಲೇ ನೊಣಗಾಳ ಬೀಸುವುದನ್ನು ರೂಢಿಸಿಕೊಂಡಿದ್ದನೆಂದು ವಿಜ್ಞಾನಿ ಹಂಫ್ರಿ ಡೇವಿ 1828ರ ತನ್ನ ಮೀನುಗಾರಿಕೆಯ ಪುಸ್ತಕದಲ್ಲಿ ಮೆಚ್ಚಿ ಬರೆದಿದ್ದಾನೆ. ತೋಟದೊಳಗೆ ಹರಿಯುತ್ತಿದ್ದ ವಾಂಡಲಿನ ಕವಲಿಗೆ ಆ ಮನೆಯಲ್ಲಿ ಇಟ್ಟಿದ್ದ ಹೆಸರು ನೈಲ್, ನೆಲ್ಸನ್ ಗೆದ್ದ ಯುದ್ಧದ ನೆನಪಿಗೆ! ಅವನು 1805ರಲ್ಲಿ ಟ್ರಫಾಲ್ಗರಿನಲ್ಲಿ ಮಡಿದ. ಆ ಮನೆಯೂ ಇಂದು ಇಲ್ಲ.

ಈ ನದಿಯಿಂದ ನೊಣಗಾಳದ ಇತಿಹಾಸಕ್ಕೆ ಸಂದ ದೊಡ್ಡ ಕೊಡುಗೆ ಮಾತ್ರ ಬೇರೊಬ್ಬನ ಮೂಲಕ. ಫ್ರೆಡರಿಕ್ ಹಾಲ್‌ಫರ್ಡ್ 1844ರಲ್ಲಿ ಹುಟ್ಟಿದವನು, ಉಡುಪು ತಯಾರಿಸುವ ಶ್ರೀಮಂತ ಯಹೂದಿ ಮನೆತನದವನು. 1860ರ ದಶಕದ ಕೊನೆಯಲ್ಲಿ ಅವನಿಗೆ ವಾಂಡಲಿನ ಒಂದು ಭಾಗದಲ್ಲಿ ಗಾಳ ಹಾಕುವ ಅವಕಾಶ ದೊರೆಯಿತು. ಹಳೆಯ ಪದ್ಧತಿಯಲ್ಲಿ ನೊಣವನ್ನು ನೀರಿನೊಳಗೆ ಮುಳುಗಿಸಿ ಹರಿವಿನ ಗುಂಟ ಬಿಡುತ್ತಿದ್ದರು. ವಾಂಡಲಿನಂಥ ಪಾರದರ್ಶಕ ನೀರಿನಲ್ಲಿ ಅದು ನಡೆಯದು. ಅಲ್ಲಿಯ ಬಲ್ಲವರು ನೊಣವನ್ನು ಒಣಗಿಸಿ ನೀರಿನ ಮೇಲೆ ತೇಲಿಬಿಡುತ್ತಿದ್ದರು, ಅದೂ ಮೀನಿನ ಹಿಂದೆ ನಿಂತು, ಹರಿವಿಗೆ ಎದುರಾಗಿ. ಹಾಲ್‌ಫರ್ಡ್ ಇದನ್ನು ಕಲಿತ. ಕಲಿತದ್ದನ್ನು ಹ್ಯಾಂಪ್‌ಷೈರಿನ ದೊಡ್ಡ ನದಿಗಳಿಗೆ ಕೊಂಡೊಯ್ದು, 1886 ಮತ್ತು 1889ರಲ್ಲಿ ಎರಡು ಗ್ರಂಥಗಳನ್ನು ಬರೆದು ಶಾಸ್ತ್ರವಾಗಿಸಿದ. ಕಲೆ ಶಾಸ್ತ್ರವಾದ ಮೇಲೆ ಮಡಿ-ಮೈಲಿಗೆ ತಪ್ಪುತ್ತದೆಯೇ? ನೀರಿನ ಮೇಲೆ ಬಂದು ಹುಳು ತಿನ್ನುವ ಮೀನನ್ನು ಕಣ್ಣಾರೆ ಕಂಡ ಹೊರತು ಗಾಳ ಬೀಸಬಾರದು ಎಂಬುದು ಅವನ ಶಿಷ್ಯರಿಗೆ ವೇದವಾಯಿತು. ನೀರಿನೊಳಗಿನ ಮರಿಹುಳುವನ್ನು ಅನುಕರಿಸಬಹುದೆಂದು 1910ರಲ್ಲಿ ಸ್ಕ್ಯೂಸ್ ಎಂಬ ವಕೀಲ ಬರೆದದ್ದಕ್ಕೆ ದಶಕಗಳ ಕಾಲ ವಾಗ್ವಾದ ನಡೆದು, 1938ರಲ್ಲಿ ಲಂಡನ್ನಿನ ಫ್ಲೈಫಿಷರ್ಸ್ ಕ್ಲಬ್ಬಿನಲ್ಲಿ ವಿಧಿವತ್ತಾದ ಚರ್ಚೆಯನ್ನೇ ಏರ್ಪಡಿಸಬೇಕಾಯಿತು. ನಮ್ಮ ಮತಾಚಾರ್ಯರ ಅನುಯಾಯಿಗಳು ಇದನ್ನು ಕೇಳಿ ನಗಲಾರರು, ಅರ್ಥಮಾಡಿಕೊಂಡಾರು.

ಶಾಸ್ತ್ರ ಹ್ಯಾಂಪ್‌ಷೈರಿನಲ್ಲಿ ಬೆಳೆಯುತ್ತಿದ್ದಾಗ, ಅದರ ಮೊದಲ ಪಾಠಶಾಲೆಯಾದ ವಾಂಡಲ್ ಮಾತ್ರ ಕೆಡುತ್ತಿತ್ತು. ಕ್ರಾಯ್ಡನ್ ಬೆಳೆಯಿತು, ಮನೆಮನೆಯ ಕೊಳಚೆ ನದಿಯ ಕಡೆಗೆ ತಿರುಗಿತು. 1866ರಲ್ಲಿ ಜಾನ್ ರಸ್ಕಿನ್, ಅಂದರೆ ಗಾಂಧೀಜಿಯವರ 'ಸರ್ವೋದಯ'ಕ್ಕೆ ಮೂಲವಾದ ಕೃತಿಯನ್ನು ಬರೆದ ಅದೇ ರಸ್ಕಿನ್, ತನ್ನ ಇನ್ನೊಂದು ಪುಸ್ತಕದ ಮುನ್ನುಡಿಯನ್ನು ಕಾರ್ಷಾಲ್ಟನ್ನಿನ ಒರತೆಗಳ ದುಃಸ್ಥಿತಿಯಿಂದಲೇ ಆರಂಭಿಸಿದ. ಅವನ ತಾಯಿ ಕ್ರಾಯ್ಡನ್ನಿನವಳು. ಆ ನೀರು ಅವನಿಗೆ ತಾಯಿಯ ತವರಿನ ನೀರು. ಮುನ್ನುಡಿಯಲ್ಲಿ ಬರಿಯ ವಿಲಾಪವಿಲ್ಲ, ಒಂದು ಲೆಕ್ಕವಿದೆ. ಐದಾರು ಜನ ಒಂದು ದಿನ ದುಡಿದಿದ್ದರೆ ಆ ಕೊಳಗಳು ಶುದ್ಧವಾಗುತ್ತಿದ್ದವು. ಆ ದುಡಿಮೆ ಯಾರಿಗೂ ಬೇಡವಾಯಿತು. ಅದಕ್ಕಿಂತ ಹೆಚ್ಚಿನ ದುಡಿಮೆಯನ್ನು ಕ್ರಾಯ್ಡನ್ನಿನ ಹೆಂಡದಂಗಡಿಯೊಂದರ ಮುಂದೆ ಯಾರಿಗೂ ಉಪಯೋಗವಿಲ್ಲದ ಕಬ್ಬಿಣದ ಕಟಕಟೆ ನಿಲ್ಲಿಸಲು ಸುರಿಯಲಾಯಿತು. ಏಕೆ? ಈ ಪ್ರಶ್ನೆಯಿಂದ ಹೊರಟು ಅವನು ಇಡೀ ಅರ್ಥಶಾಸ್ತ್ರವನ್ನು ವಿಚಾರಣೆಗೆ ನಿಲ್ಲಿಸುತ್ತಾನೆ. ಮುಂದೆ 1870ರ ದಶಕದಲ್ಲಿ ಸ್ವಂತ ಖರ್ಚಿನಿಂದ ಅಲ್ಲಿಯ ಕೊಳವೊಂದನ್ನು ಶುಚಿಗೊಳಿಸಿ, ತಾಯಿ ಮಾರ್ಗರೆಟ್ಟಳ ಹೆಸರಿನಲ್ಲಿ ಕಲ್ಲು ನೆಡಿಸಿದ. ಒಂದು ಕೊಳ ತಿಳಿಯಾದರೆ ನದಿ ತಿಳಿಯಾಗುವುದಿಲ್ಲವೆಂಬುದು ಅವನಿಗೂ ಗೊತ್ತಿದ್ದೀತು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅದೇ ವರ್ಷಗಳಲ್ಲಿ ನಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಆ ಜಿಲ್ಲೆಯ ಮೀನು ಸಂವರ್ಧನೆಯ ಬಗ್ಗೆ 1870ರಲ್ಲಿ ಸರ್ಕಾರಕ್ಕೆ ವರದಿ ಬರೆದ. 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಅವನ ಗ್ರಂಥ ಮಹಶೀರ್ ಮೊದಲಾದ ನಮ್ಮ ಮೀನುಗಳಿಗೆ ಗಾಳ ಹಾಕುವ ವಿಧಾನವನ್ನು ಇಂಗ್ಲಿಷರಿಗೆ ಕಲಿಸಿತು. ದೊರೆಗಳು ನಮ್ಮ ಹೊಳೆಯ ಮೀನಿನ ಚಿಂತೆಯಲ್ಲಿದ್ದಾಗ ಅವರ ರಾಜಧಾನಿಯ ಮಗ್ಗುಲಿನ ಹೊಳೆ ಸಾಯುತ್ತಿತ್ತು.

ಸತ್ತದ್ದು ನಿಧಾನವಾಗಿ. ಹಳೆಯ ವಂಶದ ಕೊನೆಯ ಟ್ರೌಟ್ 1934ರಲ್ಲಿ ಗಾಳಕ್ಕೆ ಸಿಕ್ಕಿತೆಂದು ಅಲ್ಲಿ ಹೇಳುತ್ತಾರೆ. ಬಣ್ಣದ ಕಾರ್ಖಾನೆ, ಚರ್ಮ ಹದಮಾಡುವ ಕಾರ್ಖಾನೆಗಳಿಂದ ನದಿ ದಿನಕ್ಕೊಂದು ಬಣ್ಣ ತಾಳುತ್ತಿದ್ದುದನ್ನು ಆ ಕಡೆಯ ಹಿರಿಯರು ನೆನೆಸಿಕೊಳ್ಳುವುದುಂಟು. 1960ರ ದಶಕದ ಹೊತ್ತಿಗೆ ಅದು ಬಯಲು ಚರಂಡಿಯೆಂದು ಅಧಿಕೃತವಾಗಿಯೇ ಪರಿಗಣಿತವಾಗಿತ್ತು. ನೊಣಗಾಳದ ಮಹನೀಯರು ಯಾವಾಗಲೋ ಹಳ್ಳಿಗಾಡಿನ ನದಿಗಳಿಗೆ ಹೊರಟುಹೋಗಿದ್ದರು. ಇದನ್ನು ದೂರಾಗಿ ಹೇಳುತ್ತಿಲ್ಲ; ಆದರೆ ದಡಕ್ಕೆ ಹಣ ತೆತ್ತು ಬೇಲಿ ಹಾಕಿಕೊಂಡವನಿಗೆ ಇನ್ನೊಂದು ದಡವನ್ನು ಕೊಳ್ಳುವುದು ಸುಲಭ. ಹಿತ್ತಿಲಲ್ಲೇ ನದಿಯಿದ್ದವನು ಎಲ್ಲಿಗೆ ಹೋದಾನು?

ಮರಳಿ ಬಂದವರು ಇಂಥ ಹಿತ್ತಿಲಿನವರೇ. ಕಾರ್ಖಾನೆಗಳು ಮುಚ್ಚಿ, ಕೊಳಚೆಯ ಶುದ್ಧೀಕರಣ ಸುಧಾರಿಸಿದ ಮೇಲೆ, 2000ದ ಸುಮಾರಿಗೆ ಊರಿನ ಗಾಳಗಾರರು, ನಿವಾಸಿಗಳು ಸೇರಿ ವಾಂಡಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ರಜಾದಿನಗಳಲ್ಲಿ ಎದೆಯುದ್ದದ ರಬ್ಬರ್ ಉಡುಪು ತೊಟ್ಟು ನೀರಿಗಿಳಿದು, ಅಂಗಡಿಯ ತಳ್ಳುಬಂಡಿ, ಟೈರು, ಸೈಕಲ್ಲು, ಹಾಸಿಗೆಗಳನ್ನು ಹೊರಗೆಳೆದರು. ರಸ್ಕಿನ್ ಕೇಳಿದ್ದ ಆ ಒಂದು ದಿನದ ದುಡಿಮೆ ಶತಮಾನದ ಮೇಲೆ ಕೂಡಿಬಂತು. ಒಂದು ದಿನಕ್ಕೆ ಮುಗಿಯುವಂತಿರಲಿಲ್ಲ ಅಷ್ಟೆ. ಶಾಲೆಯ ಕೊಠಡಿಗಳಲ್ಲಿ ತಣ್ಣೀರಿನ ತೊಟ್ಟಿಯಿಟ್ಟು, ಚಳಿಗಾಲದಲ್ಲಿ ಟ್ರೌಟಿನ ಮೊಟ್ಟೆಗಳನ್ನು ಮಕ್ಕಳ ಕೈಯಲ್ಲಿ ಮರಿಮಾಡಿಸಿ ವಸಂತದಲ್ಲಿ ನದಿಗೆ ಬಿಡಿಸಿದರು.

2007ರ ಸೆಪ್ಟೆಂಬರಿನಲ್ಲಿ ಬೆಡಿಂಗ್ಟನ್ನಿನ ಕೊಳಚೆ ಶುದ್ಧೀಕರಣ ಘಟಕದಿಂದ, ತೊಳೆಯಲು ಬಳಸಿದ್ದ ಸೋಡಿಯಂ ಹೈಪೊಕ್ಲೋರೈಟ್ ನದಿಗೆ ಹರಿದು ಸುಮಾರು 5 ಕಿಲೋಮೀಟರಿನಷ್ಟು ದೂರ ಸಾವಿರಾರು ಮೀನುಗಳು ಸತ್ತು ತೇಲಿದವು. ಮೀನು ಸತ್ತದ್ದನ್ನು ಕಂಡು ಕಂಬನಿಗರೆಯಲು, ನ್ಯಾಯಾಲಯದವರೆಗೆ ಸುದ್ದಿ ಮುಟ್ಟಿಸಲು ಈ ಸಲ ದಡದಲ್ಲಿ ಜನರಿದ್ದರು. ಥೇಮ್ಸ್ ವಾಟರ್ ಕಂಪನಿಗೆ ವಿಧಿಸಿದ 1,25,000 ಪೌಂಡಿನ ದಂಡ 2010ರ ಮೇಲ್ಮನವಿಯಲ್ಲಿ 50,000ಕ್ಕೆ ಇಳಿಯಿತು; ಇದಲ್ಲದೆ ನದಿಯ ಪುನರುಜ್ಜೀವನಕ್ಕೆಂದು ಕಂಪನಿ 5 ಲಕ್ಷ ಪೌಂಡು ಕೊಡಲೊಪ್ಪಿತ್ತು. ಕೆಲಸ ಮತ್ತೆ ಮೊದಲಿನಿಂದ ಆರಂಭವಾಯಿತು. ಹಳೆಯ ಒಡ್ಡುಗಳನ್ನು ತಗ್ಗಿಸಿ, ಹೂಳಿದ್ದ ಕಡೆ ಜಲ್ಲಿ ಸುರಿದ ಮೇಲೆ ಟ್ರೌಟ್ ಯಾರ ಸಹಾಯವೂ ಇಲ್ಲದೆ ತಾನಾಗಿ ಮೊಟ್ಟೆಯಿಟ್ಟು ಮರಿಮಾಡತೊಡಗಿತು.

ಇದು ಹಾಲ್‌ಫರ್ಡ್ ಕಂಡ ಮೀನಲ್ಲ. ಆ ವಂಶ ಅಳಿದಿದೆ, ಇವು ಬೇರೆಡೆಯಿಂದ ತಂದ ಮೊಟ್ಟೆಗಳ ಸಂತತಿ. ನೀರೂ ಆ ನೀರಲ್ಲ. ಬೆಡಿಂಗ್ಟನ್ನಿನ ಕೆಳಗೆ ಹರಿಯುವುದರಲ್ಲಿ ದೊಡ್ಡ ಪಾಲು ಊರಿನವರು ಬಳಸಿ, ಯಂತ್ರಗಳು ಸೋಸಿಕೊಟ್ಟ ನೀರು. ಹಿಡಿದ ಮೀನನ್ನು ತಿನ್ನದೆ ಮತ್ತೆ ನೀರಿಗೆ ಬಿಡುವುದು ಈಗಿನ ವಾಂಡಲಿನ ಟ್ರೌಟ್ ಗಾಳಗಾರರ ರೀತಿ. ಹಾಗಾದರೆ ಹಿಡಿಯುವುದೇಕೆ ಎಂದು ನಮ್ಮಲ್ಲಿ ಕೇಳುವವರಿದ್ದಾರೆ, ನನಗೂ ಆ ಪ್ರಶ್ನೆ ಪೂರ್ತಿಯಾಗಿ ಬಗೆಹರಿದಿಲ್ಲ. ಆದರೆ ಇವರೇ ವಾರವಾರವೂ ನೀರನ್ನು ನೋಡುತ್ತ ನಿಲ್ಲುವವರು. ಯಾವ ಹುಳು ಎದ್ದಿತು, ಯಾವುದು ಏಳಲಿಲ್ಲ ಎಂಬುದನ್ನು ಬಲ್ಲವರು. ಮುಳ್ಳು ತೆಗೆದ ಕೊಕ್ಕೆ ಬಳಸುತ್ತಾರೆ. ಮೀನಿನ ಮೈಯ ಲೋಳೆ ಕೆಡಬಾರದೆಂದು ಮುಟ್ಟುವ ಮುನ್ನ ಕೈಯನ್ನು ನದಿಯಲ್ಲಿ ನೆನೆಸಿಕೊಳ್ಳುತ್ತಾರೆ.