ಚಿತ್ರ ತೋರಿಸಿ ಓಡಿಸಿದ ಸಿಡುಬು

ಸಿಡುಬು ಬಂದ ಮನೆಯಲ್ಲಿ ಹಿಂದೆ ರೋಗದ ಹೆಸರೆತ್ತುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ ತಣ್ಣನೆಯ ಎಡೆ ಇಡುತ್ತಿದ್ದರು. ಅಂಥ ಮನೆಯವರಿಗೆ ಹಸುವಿನ ಸಿಡುಬಿನಿಂದ ಬಂದ ಲಸಿಕೆಯನ್ನು ಒಪ್ಪಿಸುವುದು ಹೇಗೆ?

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಕಂಡುಹಿಡಿದ ಈ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಪರದೇಶದ ವೈದ್ಯರ ಮಾತಿಗಿಂತ ಜನ ತಮ್ಮ ಅರಮನೆಯ ನಡೆಯನ್ನು ನಂಬಿಯಾರು ಎಂಬ ಎಣಿಕೆ ಕಂಪನಿ ಸರ್ಕಾರಕ್ಕಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಲಗಡೆಯಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ.

ಆದರೆ ತೈಲಚಿತ್ರ ಹಳ್ಳಿಗೆ ಹೋಗುವಂಥದ್ದಲ್ಲ. ಹಳ್ಳಿಯ ಬಾಗಿಲಿಗೆ ಚಿತ್ರ ಬಂದದ್ದು 1970ರ ದಶಕದಲ್ಲಿ. 1973ರಿಂದ ದೇಶದಲ್ಲಿ ಮನೆಮನೆ ಶೋಧ ನಡೆಯಿತು. ಆರೋಗ್ಯ ಕಾರ್ಯಕರ್ತರ ಕೈಯಲ್ಲಿ ಸಿಡುಬೆದ್ದ ಮಗುವಿನ ಚಿತ್ರವಿದ್ದ ಕಾರ್ಡು. ಮನೆ, ಶಾಲೆ, ಸಂತೆಗಳಲ್ಲಿ ಅದನ್ನು ತೋರಿಸಿ, ‘ಇಂಥವರನ್ನು ಕಂಡಿದ್ದೀರಾ?’ ಎಂದು ಕೇಳುತ್ತಿದ್ದರು. ರೋಗಕ್ಕೆ ಭಾಷೆಗೊಂದು ಹೆಸರು. ಅಕ್ಷರ ಬಾರದವರೇ ಹೆಚ್ಚು. ಚಿತ್ರ ಮಾತ್ರ ಎಲ್ಲರಿಗೂ ಅರ್ಥವಾಯಿತು. ಸುದ್ದಿ ಕೊಟ್ಟವರಿಗೆ ಬಹುಮಾನವೂ ಇತ್ತು. 1975ರಲ್ಲಿ ಅದು 1000 ರೂಪಾಯಿಗೆ ಏರಿತು.

ಅದೇ ವರ್ಷ ಭಾರತದಲ್ಲಿ ಸಿಡುಬು ನಿಂತಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು. ನಿಮ್ಮ ಮನೆಯ ಹಿರಿಯರು ತೋಳು ತೋರಿಸಿದರೆ, ಅಂದು ಹಾಕಿಸಿಕೊಂಡ ಲಸಿಕೆಯ ಗುಂಡನೆಯ ಕಲೆ ಇನ್ನೂ ಕಂಡೀತು.