ಕಾರ್ಯಾಚರಣಾ ವ್ಯವಸ್ಥೆಯ ಅನುಸ್ಥಾಪನಾ ವೈಫಲ್ಯ

ಕಾರ್ಯಾಚರಣಾ ವ್ಯವಸ್ಥೆಯ ಅನುಸ್ಥಾಪನಾ ವೈಫಲ್ಯ ಎಂದರೆ ಡೆಸ್ಕ್‌ಟಾಪ್ ಗಣಕದಲ್ಲಿ ವಿಂಡೋಸ್, ಉಬುಂಟು ಮೊದಲಾದ ವ್ಯವಸ್ಥೆಗಳ ಸ್ಥಾಪನೆ ಅರ್ಧಕ್ಕೆ ನಿಲ್ಲುವುದು ಅಥವಾ ಸ್ಥಾಪನೆಯ ಬಳಿಕ ಗಣಕವು ಆರಂಭವಾಗದಿರುವುದು.

ಕಾರಣಗಳು

* ಅನುಸ್ಥಾಪನಾ ಕಡತವು ಅಪೂರ್ಣವಾಗಿರುವುದು. ಪ್ರಕಾಶಕರು ನೀಡಿದ ಎಸ್‌ಎಚ್‌ಎ-256 ಮೊತ್ತದೊಡನೆ ಹೋಲಿಸಿ ಇದನ್ನು ತಿಳಿಯಬಹುದು.
* ಯಂತ್ರಾಂಶದ ಕೊರತೆ. 2021ರಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಹಾಗೂ ಟಿಪಿಎಂ 2.0 ಅಗತ್ಯ.
* ಡಿಸ್ಕ್ ವಿನ್ಯಾಸ. ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಸ್ಥಾಪಿಸಲು ಜಿಪಿಟಿ ವಿಭಜನೆ ಬೇಕು; ಹಳೆಯ ಎಂಬಿಆರ್ ಇದ್ದರೆ ಸ್ಥಾಪನೆ ನಿರಾಕರಿಸಲ್ಪಡುತ್ತದೆ.
* ದೋಷಯುಕ್ತ ರ‍್ಯಾಮ್, ಹಾಳಾದ ಡಿಸ್ಕ್ ಅಥವಾ ನಡುವೆ ವಿದ್ಯುತ್ ಕಡಿತ.

ಪರಿಹಾರ ಕ್ರಮ

ಮೊದಲ ಕೆಲಸ ದತ್ತಾಂಶದ ರಕ್ಷಣೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮುನ್ನ, ಲಿನಕ್ಸ್‌ನ ಲೈವ್ ಯುಎಸ್‌ಬಿಯಿಂದ ಗಣಕವನ್ನು ಆರಂಭಿಸಿ ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಬೇಕು. ಅನಂತರ ಪರದೆಯ ದೋಷಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಪರೀಕ್ಷಿಸಬೇಕು. ಅನಗತ್ಯ ಯುಎಸ್‌ಬಿ ಸಾಧನಗಳನ್ನು ತೆಗೆಯುವುದು, ಬೇರೆ ಪೆನ್‌ಡ್ರೈವ್ ಬಳಸುವುದು, ಮೆಮ್‌ಟೆಸ್ಟ್‌86+ ಮೂಲಕ ರ‍್ಯಾಮ್ ಪರೀಕ್ಷಿಸುವುದು ರೂಢಿಯ ಹಂತಗಳು. ಯುಪಿಎಸ್ ಬಳಕೆ ಅಪೇಕ್ಷಣೀಯ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದ್ದು, ವಿಂಡೋಸ್ 11 ಒಪ್ಪದ ಹಳೆಯ ಗಣಕಗಳಿಗೆ ಹಗುರವಾದ ಲಿನಕ್ಸ್ ಆವೃತ್ತಿಗಳು ಪರ್ಯಾಯವಾಗಿವೆ.

ಕನ್ನಡ ಕಡತಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿದಂತೆ ರಾಜ್ಯದೆಲ್ಲೆಡೆ ನುಡಿ, ಬರಹ ತಂತ್ರಾಂಶಗಳ ಬಳಕೆಯಿದೆ. ಅವುಗಳ ಆಸ್ಕಿ ಫಾಂಟ್‌ಗಳಲ್ಲಿ ರಚಿತವಾದ ಹಳೆಯ ಕಡತಗಳು ಮರುಸ್ಥಾಪನೆಯ ಬಳಿಕ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣಿಸುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಬಾರದು. ಆಯಾ ಫಾಂಟನ್ನು ಮತ್ತೆ ಸ್ಥಾಪಿಸಿದರೆ ಅಥವಾ ಯೂನಿಕೋಡ್‌ಗೆ ಪರಿವರ್ತಿಸಿದರೆ ಪಠ್ಯವು ಯಥಾಪ್ರಕಾರ ದೊರೆಯುತ್ತದೆ.