ಫುಲ್ಮಣಿಯ ಅಂಗಳ

ಕೋಲ್ಕತ್ತದ ಎಸ್ಪ್ಲನೇಡ್‌ನಲ್ಲಿ ಇಳಿದ ಕನ್ನಡಿಗರ ಕಣ್ಣು ಮೊದಲು ಹುಡುಕುವುದು ಟಿಪ್ಪು ಸುಲ್ತಾನ್ ಮಸೀದಿಯನ್ನು. ಟಿಪ್ಪುವಿನ ಕಿರಿಯ ಮಗ ಗುಲಾಮ್ ಮೊಹಮ್ಮದ್ ಅದನ್ನು 1842ರಲ್ಲಿ ಕಟ್ಟಿಸಿದ. ಆ ಮೂಲೆಯಿಂದ ಪೂರ್ವಕ್ಕೆ ಹೋಗುವ ರಸ್ತೆಗೆ ಈಗ ಲೆನಿನ್ ಸರಣಿ ಎಂದು ಹೆಸರು, ಜನರ ಬಾಯಲ್ಲಿ ಇನ್ನೂ ಧರ್ಮತಲಾ. ಈ ಒಂದೇ ರಸ್ತೆಯಲ್ಲಿ ಎರಡು ಹಳೆಯ ಚರ್ಚುಗಳಿವೆ. ಒಂದು ಪಾಸ್ಕೋವಾ ಬರೆಟ್ಟೊ ಡಿಸೋಜ ಎಂಬ ಮಹಿಳೆಯ ಹಣದಿಂದ 1834ರಲ್ಲಿ ಎದ್ದ ಕಥೋಲಿಕರ ಸೇಕ್ರೆಡ್ ಹಾರ್ಟ್ ಚರ್ಚು. ಇನ್ನೊಂದು ಲಂಡನ್ ಮಿಷನ್ನಿನವರ ಯೂನಿಯನ್ ಚಾಪೆಲ್.

ಹೆಣ್ಣಿನ ಚೆಲುವಿನ ವಿಷಯದಲ್ಲಿ ಈ ಎರಡು ಪಂಥಗಳ ನಡುವಿನ ದೂರ ರಸ್ತೆಯ ಅಳತೆಗೆ ಸಿಗುವಂಥದ್ದಲ್ಲ. ಕಥೋಲಿಕರಿಗೆ ಆದರ್ಶ ಹೆಣ್ಣೆಂದರೆ ಮಾತೆ ಮರಿಯ, ಅವಳನ್ನು ಸಿಂಗರಿಸುವುದೇ ಭಕ್ತಿ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಅವಳಿಗೆ ಸೀರೆ ಉಡಿಸುತ್ತಾರೆ. ಮಂಗಳೂರಿನ ಮೊಂತಿ ಹಬ್ಬದಲ್ಲಿ, ಸೆಪ್ಟೆಂಬರ್ 8ರಂದು, ಮಕ್ಕಳು ಬುಟ್ಟಿಗಟ್ಟಲೆ ಹೂ ತಂದು ಬಾಲೆ ಮರಿಯಳಿಗೆ ಅರ್ಪಿಸುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಮೂರ್ತಿಯೇ ಇಲ್ಲ, ಇನ್ನು ಅಲಂಕಾರವೆಲ್ಲಿಂದ ಬರಬೇಕು? ಅವರು ಮತ್ತೆ ಮತ್ತೆ ತಿರುವಿದ ಪುಟ ಪೇತ್ರನ ಮೊದಲ ಪತ್ರದ ಮೂರನೆಯ ಅಧ್ಯಾಯ. ಜಡೆ, ಚಿನ್ನ, ಬೆಲೆಬಾಳುವ ಉಡುಪು ಹೆಂಗಸಿಗೆ ಭೂಷಣವಲ್ಲ, ಒಳಗಿನ ಶಾಂತ ಮನಸ್ಸೇ ಭೂಷಣ ಎಂಬುದು ಅದರ ಮಾತು. ರೂಪವನ್ನು ನಂಬಬೇಡ ಎಂದು ಹೇಳುವ ಜ್ಞಾನೋಕ್ತಿಯ ಕೊನೆಯ ಅಧ್ಯಾಯವೂ ಅದಕ್ಕೆ ಜೊತೆ.

ಒಳಗಿನ ಮನಸ್ಸನ್ನು ಹೊರಗಿನವರು ನೋಡುವುದು ಹೇಗೆ? ಕಲ್ಕತ್ತೆಯಲ್ಲೇ 1826ರಲ್ಲಿ ಹುಟ್ಟಿ ಬೆಳೆದ ಹಾನಾ ಕ್ಯಾಥರೀನ್ ಮಲೆನ್ಸ್ ಬರೆದ ಪುಸ್ತಕವೊಂದರಲ್ಲಿ ಇದಕ್ಕೆ ಉತ್ತರವಿದೆ. ಆಕೆಯ ತಂದೆ ಲಕ್ರುವಾ ಸ್ವಿಟ್ಜರ್ಲೆಂಡಿನಿಂದ ಬಂದ ಲಂಡನ್ ಮಿಷನ್ನಿನ ಪಾದ್ರಿ, ಗಂಡ ಜೋಸೆಫ್ ಮಲೆನ್ಸ್ ಕೂಡ ಅದೇ ಮಿಷನ್ನಿನವರು. ಬಂಗಾಳಿ ಆಕೆಗೆ ಕಲಿತ ಭಾಷೆಯಲ್ಲ, ಆಡಿ ಬೆಳೆದ ಭಾಷೆ. 1852ರಲ್ಲಿ ಆಕೆಯ 'ಫುಲ್ಮಣಿ ಓ ಕರುಣಾರ್ ಬಿಬರಣ್' ಹೊರಬಂತು. ಹೆಂಗಸರ ಶಿಕ್ಷಣಕ್ಕಾಗಿ ಬರೆದದ್ದು ಎಂದು ಹೆಸರಿನ ಜೊತೆಗೇ ಅಚ್ಚಾಗಿದೆ. ಬಂಗಾಳಿಯ ಮೊದಲ ಕಾದಂಬರಿ ಎಂದು ಕೆಲವರು ಎಣಿಸುವುದು ಪ್ಯಾರೀಚಾಂದ ಮಿತ್ರರ ಪುಸ್ತಕವನ್ನಲ್ಲ, ಅದಕ್ಕಿಂತ ಮೊದಲು ಬಂದ ಇದನ್ನು. ಇಂಗ್ಲಿಷ್ ಕಥೆಯೊಂದರ ನೆರಳು ಇದರ ಮೇಲಿದೆ ಎಂದು ಒಪ್ಪದವರೂ ಇದ್ದಾರೆ. ಆ ಜಗಳ ಬಂಗಾಳಿಗಳಿಗೇ ಇರಲಿ. ಪುಸ್ತಕ ಮಾತ್ರ ಭಾರತದ ಹಲವು ಭಾಷೆಗಳಿಗೆ ಹೋಯಿತು. ಜೋಸೆಫ್ ಪೀಟ್ ಮಾಡಿದ ಮಲಯಾಳಂ ಅನುವಾದ ಬಂದದ್ದು 1858ರಲ್ಲಿ.

ಕಥೆ ಹೇಳುವವಳು ಒಬ್ಬ ಮೇಮ್‌ಸಾಹೇಬ. ಹಳ್ಳಿಯ ಕ್ರೈಸ್ತರ ಕೇರಿಯಲ್ಲಿ ಅವಳು ಇಬ್ಬರನ್ನು ನೋಡುತ್ತಾಳೆ. ಫುಲ್ಮಣಿಯ ಅಂಗಳ ಗುಡಿಸಿದೆ, ಹೂಗಿಡಗಳಿವೆ, ಮಕ್ಕಳು ಅಚ್ಚುಕಟ್ಟಾಗಿದ್ದಾರೆ. ಕರುಣಾಳ ಮನೆ ಕೊಳಕು, ಬಾಯಿ ಜೋರು, ಗಂಡ ಕುಡುಕ. ಮೇಮ್‌ಸಾಹೇಬಳಿಗೆ ಇಬ್ಬರ ವಿಶ್ವಾಸದ ಅಂದಾಜೂ ಹೊಸ್ತಿಲಲ್ಲೇ ಸಿಕ್ಕಿಬಿಡುತ್ತದೆ. ಒಡವೆಯಿಂದ ಇಳಿಸಿದ ಸೌಂದರ್ಯವನ್ನು ಒಗೆದ ಬಟ್ಟೆಗೆ, ಸಾರಿಸಿದ ನೆಲಕ್ಕೆ ಏರಿಸಿದ್ದಾಯಿತು. ಪೇತ್ರ ಹೊರಗಿನದನ್ನು ನೋಡಬೇಡ ಎಂದಿದ್ದ, ಇಲ್ಲಿ ನೋಡುವುದೆಲ್ಲ ಹೊರಗಿನದೇ. ಒಡವೆಯ ಹಂಗಿಲ್ಲದ ನಾಯಕಿಯ ಹೆಸರಿನಲ್ಲೇ ಹೂವೂ ಮಣಿಯೂ ಇರುವುದು ತಮಾಷೆ. ಅವಳ ಮಗಳ ಹೆಸರಂತೂ ಸುಂದರಿ!

ಇಂದು ಓದಿದರೆ ಮನಸ್ಸು ಕರುಣಾಳ ಕಡೆಗೇ ವಾಲುತ್ತದೆ. ಕುಡುಕ ಗಂಡನನ್ನು, ಹಸಿದ ಮಕ್ಕಳನ್ನು ಸಂಭಾಳಿಸುವವಳಿಗೆ ಹೂಕುಂಡಕ್ಕೆ ನೀರು ಹಾಕುವ ಪುರುಸೊತ್ತು ಎಲ್ಲಿಯದು? ಆದರೂ ಮಲೆನ್ಸ್‌ಗೆ ಒಂದು ಮಾತು ಸಲ್ಲಬೇಕು. ಕೂಲಿಯ ಹೆಂಗಸೊಬ್ಬಳ ಅಡುಗೆಮನೆ, ಅವಳ ಮಗುವಿನ ಕಾಯಿಲೆ, ನೆರೆಹೊರೆಯ ಜಗಳ ಇವನ್ನೆಲ್ಲ ಆಡುಮಾತಿಗೆ ಹತ್ತಿರದ ಗದ್ಯದಲ್ಲಿ ಬರೆಯಬಹುದು ಎಂದು ಆ ಕಾಲದಲ್ಲಿ ಅಂದುಕೊಂಡವರು ಬಹಳವಿರಲಿಲ್ಲ.

ಮಲೆನ್ಸ್ ಬಗ್ಗೆ ಮಿಷನ್ನಿನವರು ಹೇಳುತ್ತ ಬಂದ ಕಥೆಯೊಂದಿದೆ. ಆಕೆ ಒಮ್ಮೆ ಚಪ್ಪಲಿಗೆ ಬಣ್ಣದ ದಾರದ ಕಸೂತಿ ಹಾಕುತ್ತಿದ್ದಳಂತೆ. ಅದನ್ನು ನೋಡಿದ ಬಂಗಾಳಿ ಗೃಹಸ್ಥನೊಬ್ಬ, ನನ್ನ ಹೆಂಡತಿಗೂ ಇದನ್ನು ಕಲಿಸಬಾರದೇ ಎಂದನಂತೆ. ಹಾಗೆ ಅಂತಃಪುರದ ಬಾಗಿಲು ತೆರೆಯಿತು, ಸೂಜಿಯ ಹಿಂದೆ ಬೈಬಲ್ಲೂ ಒಳಹೋಯಿತು. ಅಲಂಕಾರ ಬೇಡವೆಂದ ಧರ್ಮಕ್ಕೆ ದಾರಿ ಮಾಡಿಕೊಟ್ಟದ್ದು ಅಲಂಕಾರವೇ. ಮಲೆನ್ಸ್ 1861ರಲ್ಲಿ ಕಲ್ಕತ್ತೆಯಲ್ಲೇ ತೀರಿಕೊಂಡಳು.

ಹದಿನೇಳು ವರ್ಷದ ನಂತರ, 1878ರಲ್ಲಿ, ಅದೇ ಊರಿಗೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಅಣ್ಣನ ಜೊತೆ ಬಂದಳು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ ಹುಟ್ಟಿದವಳು, ತಂದೆ ತಾಯಿಯನ್ನು ಬರಗಾಲದಲ್ಲಿ ಕಳೆದುಕೊಂಡವಳು. ಅವಳ ಸಂಸ್ಕೃತ ಕೇಳಿದ ಕಲ್ಕತ್ತೆಯ ವಿದ್ವಾಂಸರು ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಆಕೆ ಪಂಡಿತಾ ರಮಾಬಾಯಿ. ಕ್ರೈಸ್ತರ ಪ್ರಾರ್ಥನೆಯನ್ನು ಅವಳು ಮೊದಲು ನೋಡಿದ್ದೂ ಈ ಊರಲ್ಲೇ. ಅಲ್ಲಿದ್ದವರು ಕುರ್ಚಿಗಳ ಮುಂದೆ ಮಂಡಿಯೂರಿದ್ದನ್ನು ಕಂಡು, ಇವರು ಕುರ್ಚಿಯನ್ನೇ ಪೂಜಿಸುತ್ತಾರೆ ಎಂದುಕೊಂಡಳಂತೆ.

1880ರಲ್ಲಿ ಬಂಗಾಳದ ಬಿಪಿನ್ ಬಿಹಾರಿ ದಾಸರನ್ನು ಮದುವೆಯಾದಳು. ಎರಡು ವರ್ಷ ತುಂಬುವ ಮೊದಲೇ ವಿಧವೆಯಾದಳು. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದಳು. ಅಲ್ಲಿನ ಸನ್ಯಾಸಿನಿಯರಿಗೆ ಬೇಕಿದ್ದದ್ದು ಹೇಳಿದ ಮಾತು ಕೇಳುವ ಫುಲ್ಮಣಿ. ಸಿಕ್ಕಿದ್ದು ರಮಾಬಾಯಿ. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಏಕೆ, ನನ್ನ ನಾಡಿನವರಿಗೆ ಅದು ಅರ್ಥವಾಗದು, ಸಂಸ್ಕೃತದಲ್ಲಿರಲಿ ಎಂದು ವಾದ ಹೂಡಿದಳು. ಮೈಮೇಲೆ ಏನು ಇರಬೇಕು ಎಂಬುದನ್ನು ಇನ್ನೊಬ್ಬರ ಕೈಗೆ ಬಿಡಲು ಅವಳು ತಯಾರಿರಲಿಲ್ಲ.

1887ರ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕದಲ್ಲಿ ಅವಳು ವಿಧವೆಯರ ಕೇಶಮುಂಡನದ ಬಗ್ಗೆ ಬರೆಯುತ್ತಾಳೆ. ಅಲ್ಲಿ ಶಾಸ್ತ್ರದ ವಾದಕ್ಕಿಂತ ಮುಂದೆ ನಿಲ್ಲುವುದು ಒಂದು ನೇರ ಮಾತು: ಪ್ರಕೃತಿ ಕೊಟ್ಟ ನುಣುಪು ಕೂದಲನ್ನು ಇಷ್ಟಪಡದ ಹೆಣ್ಣು ಯಾರಿದ್ದಾಳೆ? ಹೊಸ ಧರ್ಮಕ್ಕೆ ಸೇರಿ ನಾಲ್ಕೇ ವರ್ಷವಾಗಿತ್ತು, ಚೆಲುವಿನ ಆಸೆ ತಪ್ಪು ಎಂದು ಅವಳಿಗೆ ಅನ್ನಿಸಿರಲಿಲ್ಲ. ಕಿತ್ತುಕೊಳ್ಳುವವರ ಕೈ ತಪ್ಪು ಎಂದಷ್ಟೇ ಅನ್ನಿಸಿತ್ತು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದಳು. ಬಾಲವಿಧವೆಯರು ಅಲ್ಲಿ ಬಂದು ಓದಿದರು.

ಅವಳ ಸ್ವಂತ ಕೂದಲು ಮಾತ್ರ ಗಿಡ್ಡವಾಗಿಯೇ ಉಳಿಯಿತು. ಫೋಟೋಗಳಲ್ಲಿ ಕಾಣುವುದು ಕತ್ತರಿಸಿದ ಕೂದಲು, ಸಾದಾ ಸೀರೆ. ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ ಕೂತು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದಳು. 1922ರ ಏಪ್ರಿಲ್‌ನಲ್ಲಿ ಸಾಯುವವರೆಗೂ ಆ ಕೆಲಸ ಕೈಯಲ್ಲಿತ್ತು. ಜಡೆ ಬೇಡ ಎಂದು ಹೆಂಗಸರಿಗೆ ಬುದ್ಧಿ ಹೇಳುವ ಪೇತ್ರನ ಆ ಸಾಲುಗಳೂ ಅವಳ ಕೈಯಿಂದಲೇ ಮರಾಠಿಗೆ ಬಂದವು.